ಕುರಿ ಕಣ್ಣಿಗೆ ಡ್ರಿಪ್ ಹಾಕಿದ ಮೇಲೆ ಐರಿಸ್ ಕಾಣಿಸಿತು

ಕೊನೆಗೂ ಸ್ಕೋಪ್ (ಸಿಗ್ನಲನ್ನು ಗೆರೆಯಾಗಿ ತೋರಿಸುವ ಸ್ಕ್ರೀನ್) ಮೇಲೆ ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ, ಬೇರೆಯಾಗಿ ನಿಂತಿತು! ಕುರಿ ಕಣ್ಣನ್ನು ನೀರಿನ ತೊಟ್ಟಿಯಲ್ಲಿಟ್ಟು, ಅದಕ್ಕೆ ಕಿವಿಗೆ ಕೇಳದ ಶಬ್ದ (ಅಲ್ಟ್ರಾಸೌಂಡ್) ಬಿಟ್ಟು ನೋಡುತ್ತಿದ್ದೀನಿ. ಮೂರು ವಾರದಿಂದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ), ಐರಿಸ್, ಲೆನ್ಸ್ ಮೂರರ ಪ್ರತಿಧ್ವನಿಯೂ ಒಂದೇ ಮುದ್ದೆಯಾಗಿ ಬರುತ್ತಿತ್ತು.

ಮೊದಲು ಬೈದಿದ್ದು ಪ್ರೋಬ್ (ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯೋದು) ಮಾರಿದವನನ್ನು. 10 ಮೆಗಾಹರ್ಟ್ಸ್ ಅಂತ ಚೀಟಿ ಅಂಟಿಸಿ 5ರದ್ದು ಕಳಿಸಿದ್ದ; ಮೆಗಾಹರ್ಟ್ಸ್ ಇಳಿದಷ್ಟೂ ಸಣ್ಣದು ಕಾಣಲ್ಲ. ವಾಪಸ್ ಮಾಡಲು ಕೊರಿಯರ್ ಖರ್ಚೂ ನಮ್ಮದೇ ಅಂತೆ. ಸರಿಯಾದದ್ದು ಬಂತು, ಮುದ್ದೆ ಹಾಗೇ ಇತ್ತು. ಆಮೇಲೆ ತೊಟ್ಟಿ ನೀರಿನ ಗಾಳಿಗುಳ್ಳೆ ಮೇಲೆ ಅನುಮಾನ. ನೀರನ್ನು ಕುಕ್ಕರಿನಲ್ಲಿ ಕುದಿಸಿ ಆರಿಸಿದೆ. "ಆ ಕಣ್ಣು ಕುಕ್ಕರಿನಾಗ ಹಾಕಿದಿ ಅಂದ್ರ ನೋಡು," ಅಂದಳು ಅವ್ವ. ಗಲೀಜು ಗೆರೆಗಳು ಹೋದವು, ಮುದ್ದೆ ಹೋಗಲಿಲ್ಲ.

ತಪ್ಪು ಕಣ್ಣಿನಲ್ಲೇ ಇತ್ತು. ಮಟನ್ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅದು ಗಾಳಿ ಇಳಿದ ಸೈಕಲ್ ಟ್ಯೂಬ್. ಬೆರಳಿನಿಂದ ಒತ್ತಿದರೆ ತಗ್ಗು ಹಾಗೇ ಉಳಿಯುತ್ತಿತ್ತು. ಕಾರ್ನಿಯಾ ಕುಸಿದು ಐರಿಸ್ ಮೇಲೆ ಮಲಗಿಬಿಟ್ಟರೆ ನಡುವೆ ಜಾಗ ಎಲ್ಲಿ?

ಸಲೈನ್ ಬಾಟಲಿ ತಂದು, ಸಣ್ಣ ಸೂಜಿಯನ್ನು ಕಾರ್ನಿಯಾದ ಅಂಚಿನಲ್ಲಿ ಚುಚ್ಚಿದೆ. ಬಾಟಲಿಯ ನೀರು ತೊಟ್ಟಿಯ ನೀರಿಗಿಂತ 20 ಸೆಂ.ಮೀ. ಮೇಲಿದ್ದರೆ ಸುಮಾರು 15 ಮಿ.ಮೀ. ಪಾದರಸದಷ್ಟು ಒತ್ತಡ. ನಮ್ಮ ಕಣ್ಣಿನಲ್ಲೂ ಮಾಮೂಲಿಯಾಗಿ 10ರಿಂದ 21 ಇರುತ್ತೆ. ನೋಡನೋಡುತ್ತಲೇ ಮುದ್ದೆ ಸೀಳಿತು. ನಡುವೆ 4 ಮೈಕ್ರೋಸೆಕೆಂಡ್ ಖಾಲಿ, ಶಬ್ದ ಹೋಗಿ ಬರುವ ಲೆಕ್ಕದಲ್ಲಿ ಹತ್ತಿರ ಹತ್ತಿರ 3 ಮಿ.ಮೀ. ಕುರಿಯ ಪಾಪೆ ಅಡ್ಡ ಸೀಳಿನಂತಿರುತ್ತೆ, ಪ್ರೋಬ್ ಮೇಲಿಂದ ಕೆಳಗೆ ಸರಿಸಿದರೇನೇ ಎರಡೂ ಕಡೆಯ ಐರಿಸ್ ಸಿಗೋದು.

ಇಷ್ಟೆಲ್ಲ ಒದ್ದಾಟ ಐರಿಸ್‌ನ ಹಿಂದೆ ಇಣುಕೋಕೆ. ಅಲ್ಲಿ ನೀರುಗುಳ್ಳೆ ಇದೆಯೋ ಗಟ್ಟಿ ಗಂಟೋ ಅಂತ ಬೆಳಕಿನಲ್ಲಿ ತಿಳಿಯೋದು ಕಷ್ಟ, ಐರಿಸ್‌ನ ಬಣ್ಣವೇ ಬೆಳಕನ್ನು ತಡೆಯುತ್ತೆ. ಶಬ್ದಕ್ಕೆ ಆ ಹಂಗಿಲ್ಲ. ಗುಳ್ಳೆಯಾದರೆ ಒಳಗೆ ಕಪ್ಪು, ಗಂಟಾದರೆ ಒಳಗೂ ಪ್ರತಿಧ್ವನಿ. ಕೆನಡಾದ ಟೊರಾಂಟೊದ ಸಂಶೋಧಕರು ಪಾವ್ಲಿನ್ ಮತ್ತು ಫಾಸ್ಟರ್ 1990ರ ಹೊತ್ತಿಗೆ 50 ಮೆಗಾಹರ್ಟ್ಸ್‌ನಲ್ಲಿ ಇದನ್ನು ಮಾಡಿದ್ದರು. ಅವರಿಗೆ ಕಂಡಷ್ಟು ಸಣ್ಣದು ನನ್ನ 10ಕ್ಕೆ ಕಾಣಲ್ಲ ಬಿಡಿ. ಮತ್ತೆ, ಮನುಷ್ಯರ ಕಣ್ಣಿನ ತಂಟೆಗೆ ಹೋಗಲ್ಲ, ಕೇಳಬೇಡಿ.

  

ಸಂಜೆ ಇನ್ನೊಂದು ಸೂಜಿಯಿಂದ ಐರಿಸ್ ಹಿಂದೆ ಸಲೈನ್ ತುಂಬಿಸಿದೆ. ಐರಿಸ್ ಲೆನ್ಸಿಗೆ ಅಂಟಿದಾಗ ಹಿಂದೆ ನೀರು ಕಟ್ಟಿ ಮುಂದಕ್ಕೆ ಉಬ್ಬುತ್ತಲ್ಲ, ಅದರ ನಕಲು. ಗೆರೆ ಮುಂದೆ ಸರಿಯಲು ಶುರುವಾಯಿತು, ಕರೆಂಟ್ ಹೋಯಿತು. ಕರೆಂಟ್ ತಯಾರಿಸೋ ಶಕ್ತಿನಗರ ನಮ್ಮ ರಾಯಚೂರಿನ ಪಕ್ಕದಲ್ಲೇ ಇದೆ, ಅಲ್ವಾ! ಸ್ಕ್ರೀನ್ ಸೇವ್ ಆಗಿಲ್ಲ. ನಾಳೆ ಸೋಮವಾರ, ನಮ್ಮ ಅಂಗಡಿಯವನು ಕುರಿ ಕಡಿಯಲ್ಲ. ಮಂಗಳವಾರ ಎರಡು ಕಣ್ಣು ಹೇಳಿಟ್ಟಿದ್ದೀನಿ.