ಪೊಲೀಸರ ಸಂಖ್ಯೆ ಹೆಚ್ಚಿದರೆ ಹುಬ್ಬಳ್ಳಿ ಸರಿಹೋಗುತ್ತದೆಯೇ?

ಹುಬ್ಬಳ್ಳಿ-ಧಾರವಾಡದಲ್ಲಿ ಅಪರಾಧವೊಂದು ದೊಡ್ಡ ಸುದ್ದಿಯಾದಾಗಲೆಲ್ಲ ಪರಿಚಿತರು ನನಗೆ ಕೇಳುವ ಪ್ರಶ್ನೆ ಒಂದೇ: ಠಾಣೆಗಳಲ್ಲಿ ಸಾಕಷ್ಟು ಸಿಬ್ಬಂದಿ ಇಲ್ಲದಿರುವುದೇ ಇದಕ್ಕೆಲ್ಲ ಕಾರಣವಲ್ಲವೇ, ಸರ್ಕಾರ ಇನ್ನಷ್ಟು ಹಣ ಕೊಟ್ಟು ನೇಮಕ ಮಾಡಿದರೆ ಸಾಲದೇ? ಸಾಲದು ಎಂಬುದು ನನ್ನ ಉತ್ತರ. ಸಿಬ್ಬಂದಿ ಕೊರತೆ ನಿಜ. ಆದರೆ ಆ ಮಾತು ಹೆಚ್ಚಾಗಿ ಕೇಳಿಬರುವುದು ಯಾರನ್ನಾದರೂ ಹೊಣೆಯಾಗಿಸಬೇಕಾದ ಹೊತ್ತಿನಲ್ಲಿ ಎಂಬುದನ್ನೂ ಗಮನಿಸಬೇಕು.

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ತಿಂಗಳು ತುಂಬುವಷ್ಟರಲ್ಲಿ ವೀರಾಪುರ ಓಣಿಯಲ್ಲಿ ಇನ್ನೊಬ್ಬ ಯುವತಿಯನ್ನು ಮನೆಯೊಳಗೇ ಕೊಲ್ಲಲಾಯಿತು. ಬೆದರಿಕೆಯ ವಿಷಯವನ್ನು ಮೊದಲೇ ಠಾಣೆಗೆ ತಿಳಿಸಿದ್ದರೂ ಅಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಮನೆಯವರು ಹೇಳಿದರು. ಇನ್‌ಸ್ಪೆಕ್ಟರ್, ಮಹಿಳಾ ಹೆಡ್ ಕಾನ್‌ಸ್ಟೆಬಲ್, ಆಮೇಲೆ ಡಿಸಿಪಿ ಅಮಾನತುಗೊಂಡರು. ಠಾಣೆಗೆ ಬಂದವರ ಮಾತನ್ನು ಬರೆದುಕೊಂಡು ಕೈಗೊಂದು ಹಿಂಬರಹ, ಅಂದರೆ ದೂರು ತಲುಪಿತೆಂಬ ಲಿಖಿತ ಸ್ವೀಕೃತಿ, ಕೊಡುವುದಕ್ಕೆ ಎಷ್ಟು ಮಂದಿ ಹೆಚ್ಚುವರಿ ಸಿಬ್ಬಂದಿ ಬೇಕು?

ಅಮಾನತು ಎಂದೊಡನೆ ಶಿಕ್ಷೆಯಾಯಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಸೇವಾ ನಿಯಮಗಳ ಪ್ರಕಾರ ಅದು ಶಿಕ್ಷೆಯೇ ಅಲ್ಲ; ಇಲಾಖಾ ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ವ್ಯವಸ್ಥೆ. ಅಮಾನತಿನಲ್ಲಿರುವವರಿಗೆ ಜೀವನಾಧಾರ ಭತ್ಯೆ ಸಿಗುತ್ತಲೇ ಇರುತ್ತದೆ, ಠಾಣೆಯಲ್ಲಿ ಮಾತ್ರ ಕೆಲಸ ಮಾಡುವ ಒಂದು ಕೈ ಕಡಿಮೆಯಾಗುತ್ತದೆ. ವಿಚಾರಣೆ ಏನಾಯಿತು, ತಪ್ಪು ಸಾಬೀತಾಯಿತೇ ಎಂಬುದು ಪತ್ರಿಕೆಯ ಒಳಪುಟಕ್ಕೂ ಬರುವುದು ಅಪರೂಪ. ಜನರ ಸಿಟ್ಟನ್ನು ಇಳಿಸಲು ಇಷ್ಟು ಅಗ್ಗದ ಉಪಾಯ ಸರ್ಕಾರಕ್ಕೆ ಇನ್ನೊಂದಿಲ್ಲ.

ಹಾಗೆಂದು ಕಾನ್‌ಸ್ಟೆಬಲ್‌ಗಳ ಕಷ್ಟವನ್ನು ನಾನು ತಳ್ಳಿಹಾಕುತ್ತಿಲ್ಲ. ಗಣೇಶೋತ್ಸವ, ಮಂತ್ರಿಗಳ ಭೇಟಿ, ಡಿಸೆಂಬರ್ ಬಂತೆಂದರೆ ಬೆಳಗಾವಿಯ ಅಧಿವೇಶನ. ಬಂದೋಬಸ್ತಿಗೆ ಹೋದವರ ಬೀಟ್ ನೋಡಿಕೊಳ್ಳುವವರು ಯಾರು? ರಜೆ, ಸಂಬಳ ಮತ್ತು ಮೇಲಧಿಕಾರಿಗಳ ಕಿರುಕುಳದ ಪ್ರಶ್ನೆ ಎತ್ತಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ರಾಜ್ಯದ ಪೊಲೀಸರು ಮುಂದಾಗಿದ್ದು ಸುಮ್ಮನೆ ಅಲ್ಲ. ಐಪಿಎಸ್ ಅಧಿಕಾರಿ ಔರಾದ್ಕರ್ ಸಮಿತಿಯ ವರದಿಯ ಆಧಾರದ ಮೇಲೆ ಪೊಲೀಸರ ವೇತನ ಪರಿಷ್ಕರಣೆಯ ಆದೇಶ ಬರಲು 2019ರವರೆಗೆ ಕಾಯಬೇಕಾಯಿತು.

ಆದರೆ ಹುದ್ದೆಗಳು ಖಾಲಿ ಉಳಿಯಲು ಹಣವಿಲ್ಲದಿರುವುದೊಂದೇ ಕಾರಣವಲ್ಲ. 2021ರ ಅಕ್ಟೋಬರ್‌ನಲ್ಲಿ 545 ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ ಬಯಲಾಗತೊಡಗಿದ ಅಕ್ರಮವು, ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿ (ಎಡಿಜಿಪಿ) ಒಬ್ಬರ ಬಂಧನದವರೆಗೂ ಹೋಯಿತು. 2022ರ ಏಪ್ರಿಲ್‌ನಲ್ಲಿ ನೇಮಕಾತಿಯೇ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ ಪಿಎಸ್‌ಐ ಇಲ್ಲದೆ ನಡೆದ ಠಾಣೆಗಳ ಕೊರತೆಯನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಇಲ್ಲಿ ಕೊರತೆ ಹುಟ್ಟಿದ್ದೇ ಹೊಣೆಗಾರಿಕೆಯ ಅಭಾವದಿಂದ.

ಹಣದ ವಿಷಯದಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟ್‌ನ ಖರ್ಚನ್ನು ನಡೆಸುವುದು ರಾಜ್ಯದ ಗೃಹ ಇಲಾಖೆ. ಅದರ ಬಜೆಟ್ ಮೇಲೆ ಮಹಾನಗರ ಪಾಲಿಕೆಗೆ ಯಾವ ಹಿಡಿತವೂ ಇಲ್ಲ. ಆದ್ದರಿಂದ ಇಷ್ಟು ದೊಡ್ಡ ಅವಳಿ ನಗರದ ಪೊಲೀಸ್ ವ್ಯವಸ್ಥೆಯ ಬಗ್ಗೆ ಊರಿನವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಚುನಾಯಿತ ವೇದಿಕೆ ಊರಿನಲ್ಲೇ ಇಲ್ಲ. ಉಳಿಯುವುದು ಶಾಸಕರು. ಅವರ ಮಿನಿಟ್‌ನಿಂದ (ಶಿಫಾರಸು ಪತ್ರದಿಂದ) ಇನ್‌ಸ್ಪೆಕ್ಟರ್‌ಗಳ ವರ್ಗಾವಣೆಯಾಗುತ್ತದೆ ಎಂಬ ಆರೋಪ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಕೇಳಿಬರುತ್ತದೆ. ಅಂಥ ಅಧಿಕಾರಿ ಯಾರಿಗೆ ಉತ್ತರ ಕೊಡುತ್ತಾನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗಂಟನ್ನು ಬಿಡಿಸಲೆಂದೇ ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಬೇಕೆಂದು ಆದೇಶಿಸಿತು. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕೆಂದೂ ಹೇಳಿತ್ತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಗಳಿಗೆ ಅವಕಾಶ ಮಾಡಿತೇನೋ ಸರಿ, ಆದರೆ ಜಿಲ್ಲಾ ಮಟ್ಟದ ಅಧ್ಯಕ್ಷತೆಯನ್ನು ಪ್ರಾದೇಶಿಕ ಆಯುಕ್ತರಿಗೆ ವಹಿಸಿತು. ನಮ್ಮ ಪಾಲಿಗೆ ಅವರು ಬೆಳಗಾವಿಯಲ್ಲಿ ಕುಳಿತು ಏಳು ಜಿಲ್ಲೆಗಳ ಆಡಳಿತ ನೋಡುವ ಅಧಿಕಾರಿ. ಸರ್ಕಾರಿ ಅಧಿಕಾರಿಯ ಮೇಲಿನ ದೂರನ್ನು ಮತ್ತೊಬ್ಬ ಸರ್ಕಾರಿ ಅಧಿಕಾರಿಯೇ ಕೇಳುವ ಈ ಏರ್ಪಾಡಿನ ಹೆಸರನ್ನೂ ಹುಬ್ಬಳ್ಳಿಯ ಬಹುತೇಕ ಜನ ಕೇಳಿಲ್ಲ. ನಾನು ಆಕ್ಷೇಪಿಸುವುದು ಹೆಚ್ಚಾಗಿ ಇದನ್ನೇ.

ಜನರ ಮನಸ್ಸೂ ಇದರಲ್ಲಿ ಪಾಲುದಾರ. 2025ರ ಏಪ್ರಿಲ್‌ನಲ್ಲಿ ಐದು ವರ್ಷದ ಮಗುವನ್ನು ಕೊಂದ ಆರೋಪಿ ಪೊಲೀಸರ ಗುಂಡಿಗೆ ಸತ್ತಾಗ ಊರಿನಲ್ಲಿ ಜೈಕಾರ ಕೇಳಿಸಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಇಂಥ ಪ್ರತಿಯೊಂದು ಸಾವಿನ ಬಗ್ಗೆ ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರಿಂದ ಸ್ವತಂತ್ರ ತನಿಖೆಯಾಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ವಿಧಿಸಿದೆ. ಈ ಪ್ರಕರಣವೂ ಸಿಐಡಿಗೆ ಹೋಯಿತು. ತನಿಖೆ ಬೇಡವೇ ಬೇಡ ಎನ್ನುವವರು ಮುಂದೊಂದು ದಿನ ತಮ್ಮ ದೂರನ್ನು ಠಾಣೆ ತೆಗೆದುಕೊಳ್ಳದಿದ್ದಾಗ ಯಾರನ್ನು ಕೇಳುತ್ತಾರೆ?

ಹಾಗಾದರೆ ಸದ್ಯಕ್ಕೆ ಏನು ಮಾಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ದೂರನ್ನು ಬರವಣಿಗೆಯಲ್ಲಿ ಕೊಡಿ, ಹಿಂಬರಹ ಪಡೆಯದೆ ಠಾಣೆಯಿಂದ ಹೊರಬರಬೇಡಿ. ಗಂಭೀರ ಅಪರಾಧದ ದೂರನ್ನೂ ದಾಖಲಿಸಲು ನಿರಾಕರಿಸಿದರೆ ಅದೇ ದೂರನ್ನು ಅಂಚೆಯ ಮೂಲಕ ಕಮಿಷನರ್ ಕಚೇರಿಗೆ ಕಳಿಸಿ. ಅಲ್ಲಿಯೂ ಕೆಲಸವಾಗದಿದ್ದರೆ ಹಿಂದಿನ ಸಿಆರ್‌ಪಿಸಿಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಕಲಮಿನಡಿ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟ್ ಬಳಿಗೆ ಹೋಗಬಹುದು. ಠಾಣೆಯೊಳಗೆ ಹೊಡೆತ ಬಿದ್ದಿದ್ದರೆ ಸಿಸಿಟಿವಿ ದೃಶ್ಯ ಬೇಕೆಂದು ತಕ್ಷಣ ಅರ್ಜಿ ಹಾಕಿ. ಸುಪ್ರೀಂ ಕೋರ್ಟ್‌ನ 2020ರ ಆದೇಶದ ಪ್ರಕಾರ ಅದನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಬೇಕು. ತಡಮಾಡಿದಷ್ಟೂ ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು.