ಕ್ಯಾರವಾನ್ ಪ್ರಗತಿ: ಮುಂಭಾರ ಕೊನೆಗೂ ಇಳಿಯಿತು

ಬಾಲ್ ವೇಟ್ 212 ಕೆಜಿ! ಅಂದರೆ ನಮ್ಮ ಹೊಸ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಕಾರಿನ ಹಿಂದಿನ ಕೊಕ್ಕೆಗುಂಡಿನ ಮೇಲೆ ಹಾಕುವ ಭಾರ. ನಿನ್ನೆ ಸಂಜೆ ಈ ಅಂಕಿ ನೋಡಿದಾಗ ಆದ ಖುಷಿ ಇಷ್ಟಿಷ್ಟಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ಲೇಔಟ್, ಲ್ಯಾಮಿನೇಟ್ ಬಣ್ಣ, ಕುಶನ್ ಬಟ್ಟೆ, ಡ್ರಾಯಿಂಗಿಗೆ ಸಹಿ ಹಾಕಿದ್ದು, ಇವೆಲ್ಲ ಹಿಂದಿನ ಬರಹಗಳಿಂದ ನಿಮಗೆ ಗೊತ್ತಿರುವುದೇ. ಅವನ್ನು ಬಿಡುತ್ತೇನೆ. ಹೊಸಬರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ನಮ್ಮದು 19 ಅಡಿ 6 ಇಂಚಿನ ಟ್ಯಾಂಡಮ್ (ಎರಡು ಆಕ್ಸಲ್‌ನ) ವ್ಯಾನ್, ಇಂಡಿಪೆಂಡೆಂಟ್ ಸಸ್ಪೆನ್ಷನ್. ಕಟ್ಟಿದ್ದು ಇಲ್ಲೇ ಮೆಲ್ಬರ್ನಿನ ಉತ್ತರಕ್ಕೆ, ಕ್ಯಾಂಪ್‌ಬೆಲ್‌ಫೀಲ್ಡ್ ಕಡೆ. ಎಟಿಎಂ, ಅಂದರೆ ಸಾಮಾನು ತುಂಬಿದ ವ್ಯಾನಿನ ಗರಿಷ್ಠ ತೂಕ, 3,000 ಕೆಜಿ. ಎಳೆಯುವುದು ಟೊಯೋಟಾ ಪ್ರಾಡೊ 150 ಕಾರು. ಅದರ ಟೋಯಿಂಗ್ ಮಿತಿ 3,000 ಕೆಜಿ, ಬಾಲ್ ಮೇಲಿನ ಮಿತಿ 300.

ಕೊನೆಯ ಕಂತು ಕಟ್ಟುವ ಮೊದಲು ವ್ಯಾನ್ ತೂಗಿಸಲೇಬೇಕು ಅಂತ ಕಾಂಟ್ರಾಕ್ಟಿನಲ್ಲೇ ಬರೆಸಿದ್ದೆ. ಡೀಲರ್‌ಗೆ ಅದು ಇಷ್ಟವಿರಲಿಲ್ಲ. "ಪ್ಲೇಟ್ ಮೇಲೇ ಎಲ್ಲ ಇದೆಯಲ್ಲ" ಅನ್ನುತ್ತಿದ್ದರು. ವ್ಯಾನಿನ ತೂಕದ ಪ್ಲೇಟ್ ಮೇಲೆ ಇರುವುದು ಟೇರ್ (ಖಾಲಿ ವ್ಯಾನಿನ ತೂಕ) 2,340, ಬಾಲ್ 170. ಅದು ಫ್ಯಾಕ್ಟರಿ ಬಾಗಿಲು ದಾಟಿದಾಗಿನ ಲೆಕ್ಕ. ಆಮೇಲೆ ಡೀಲರ್ ಯಾರ್ಡಿನಲ್ಲಿ ಹಾಕಿದ್ದು ಯಾವುದೂ ಅದರಲ್ಲಿ ಸೇರಿಲ್ಲ. ಎ-ಫ್ರೇಮ್ (ವ್ಯಾನಿನ ಮುಂದೆ ಚಾಚಿದ ಚೌಕಟ್ಟು) ಮೇಲೆ ಅಲ್ಯೂಮಿನಿಯಂ ಟೂಲ್‌ಬಾಕ್ಸ್ ಕೂರಿಸಿದ್ದರು, 60 ಕೆಜಿ. ನಾನು ಕೇಳಿದ್ದಲ್ಲ, "ನಮ್ಮ ಕಡೆಯಿಂದ ಉಚಿತ" ಅಂತ ಕೊಟ್ಟಿದ್ದು. 200 ಆಂಪ್ ಅವರ್‌ನ ಎರಡು ಲಿಥಿಯಂ ಬ್ಯಾಟರಿ, ಒಟ್ಟು 50 ಕೆಜಿ. ಡ್ರಾಯಿಂಗಿನಲ್ಲಿ ಇವು ಆಕ್ಸಲ್ ಹತ್ತಿರದ ಸೀಟಿನ ಕೆಳಗೆ ಇದ್ದವು. ಹೋಗಿ ನೋಡಿದರೆ ಮುಂದಿನ ಟನಲ್ ಬೂಟ್ (ವ್ಯಾನಿನ ಅಡ್ಡಕ್ಕಿರುವ ಸಾಮಾನು ಗೂಡು) ಒಳಗೆ ಕೂತಿವೆ!

ನಾನು ಮುಂದಿನ ನೀರಿನ ಟ್ಯಾಂಕ್ ತುಂಬಿಸಿದೆ, 95 ಲೀಟರ್. ಎರಡೂ ಗ್ಯಾಸ್ ಸಿಲಿಂಡರ್ ತುಂಬಿಸಿದೆ. ಪ್ರವಾಸಕ್ಕೆ ಹೋಗುವುದು ಹಾಗೇ ಅಲ್ವಾ? ಖಾಲಿ ವ್ಯಾನ್ ತೂಗಿ ಏನು ಉಪಯೋಗ?

ವೇಬ್ರಿಡ್ಜಿನಲ್ಲಿ (ಗಾಡಿ ತೂಗುವ ದೊಡ್ಡ ತಕ್ಕಡಿ) ಕಾರಿನಿಂದ ಬಿಡಿಸಿದ ವ್ಯಾನ್ 2,560. ಕಾರಿಗೆ ಸಿಕ್ಕಿಸಿ ವ್ಯಾನಿನ ಚಕ್ರ ಮಾತ್ರ ತೂಗಿದರೆ 2,280. ಅಂದರೆ ಬಾಲ್ ಮೇಲೆ 280. ಆದರೆ ಆ ವೇಬ್ರಿಡ್ಜ್ ತೋರಿಸುವುದು 20-20 ಕೆಜಿ ಲೆಕ್ಕದಲ್ಲಿ. ಎರಡು ಅಂಕಿ ಕಳೆದು ಬಂದ ಉತ್ತರದಲ್ಲಿ 20 ಕೆಜಿ ಆಚೀಚೆ ಆಗಬಹುದು. ಹಾಗಾಗಿ ಮನೆಗೇ ಬಂದು ಪ್ಯಾಡ್ ಇಟ್ಟು ತೂಗುವವರನ್ನು ಕರೆಸಿದೆ. ಅವರ ಪ್ಯಾಡ್ 318 ಅಂದಿತು!

ತಲೆ ಕೆಟ್ಟಿದ್ದು ಇಲ್ಲಿ. 280 ಸರಿಯೋ, 318 ಸರಿಯೋ? ಕಾಗದ ತೆಗೆದುಕೊಂಡು ಕೂತೆ. ಲೆಕ್ಕ ಸುಲಭ. ವಸ್ತುವಿನ ತೂಕವನ್ನು ಆಕ್ಸಲ್ ನಡುವಿನಿಂದ ಅದು ಎಷ್ಟು ಮುಂದಿದೆ ಅನ್ನುವುದರಿಂದ ಗುಣಿಸಿ, ಕಪ್ಲಿಂಗಿನಿಂದ (ಕಾರಿಗೆ ಸಿಕ್ಕಿಸುವ ತುದಿ) ಆಕ್ಸಲ್ ನಡುವಿನವರೆಗಿನ ದೂರದಿಂದ ಭಾಗಿಸಬೇಕು. ನಮ್ಮಲ್ಲಿ ಆ ದೂರ 5 ಮೀಟರ್. ಟೂಲ್‌ಬಾಕ್ಸ್ 4.2 ಮೀಟರ್ ಮುಂದೆ, ಅದರಿಂದ ಬಾಲ್ ಮೇಲೆ 50 ಕೆಜಿ. ಬ್ಯಾಟರಿ 3.3 ಮೀಟರ್ ಮುಂದೆ, 33 ಕೆಜಿ. ನೀರು 23, ಗ್ಯಾಸ್ 14. ಪ್ಲೇಟಿನ 170ಕ್ಕೆ ಕೂಡಿಸಿದರೆ 290. ವೇಬ್ರಿಡ್ಜ್ ಹೇಳಿದ್ದಕ್ಕೆ ಹತ್ತಿರ. ಹಾಗಾದರೆ ಪ್ಯಾಡ್ ಯಾಕೆ 318 ಅಂದಿತು?

ಉತ್ತರ ಸಿಕ್ಕಿದ್ದು ಸ್ಪಿರಿಟ್ ಲೆವೆಲ್ ಇಟ್ಟಾಗ. ನಮ್ಮ ಡ್ರೈವ್‌ವೇ ಇಳಿಜಾರು. ವ್ಯಾನಿನ ಮೂಗು ಮೇಲೆದ್ದಿತ್ತು. ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಎರಡು ಆಕ್ಸಲ್‌ಗಳು ಭಾರ ಹಂಚಿಕೊಳ್ಳುವುದಿಲ್ಲ. ಮೂಗು ಎದ್ದರೆ ಹಿಂದಿನ ಆಕ್ಸಲ್ ಮೇಲೆ ಜಾಸ್ತಿ ಭಾರ ಕೂರುತ್ತದೆ. ಆಗ ವ್ಯಾನಿನ ಭಾರ ಹೊರುವ ಆಧಾರದ ಜಾಗವೇ ಹಿಂದಕ್ಕೆ ಸರಿದ ಹಾಗೆ. ಬಾಲ್ ಮೇಲಿನ ತೂಕ ಏರುತ್ತದೆ. ಸಮ ನೆಲಕ್ಕೆ ತಂದು, ಕಾರಿಗೆ ಸಿಕ್ಕಿಸುವ ಎತ್ತರದಲ್ಲೇ ಕಪ್ಲಿಂಗ್ ನಿಲ್ಲಿಸಿ ತೂಗಿದೆವು. 292! ಕಾಗದದ ಲೆಕ್ಕಕ್ಕೂ ಇದಕ್ಕೂ ಎರಡೇ ಕೆಜಿ ವ್ಯತ್ಯಾಸ. ದಯವಿಟ್ಟು ಎಲ್ಲರೂ ಸಮ ನೆಲದಲ್ಲೇ ತೂಗಿ. ಜಾಕಿ ವೀಲ್ (ನಿಲ್ಲಿಸಿದಾಗ ಮೂಗು ಹೊರುವ ಚಿಕ್ಕ ಚಕ್ರ) ಕೆಳಗೆ ತಕ್ಕಡಿ ಇಟ್ಟರೂ ತಪ್ಪು ಅಂಕಿಯೇ ಬರುವುದು. ಅದು ಬಾಲ್‌ಗಿಂತ ಆಕ್ಸಲ್‌ಗೆ ಹತ್ತಿರ ಇರುತ್ತದೆ, ಹಾಗಾಗಿ ಜಾಸ್ತಿ ತೋರಿಸುತ್ತದೆ.

ಅಂಕಿ ಖಚಿತವಾಯಿತು, ಸಮಸ್ಯೆ ಉಳಿಯಿತು. ಇನ್ನೂ ಒಂದು ಪಾತ್ರೆಯೂ ಒಳಗೆ ಹೋಗಿಲ್ಲ, ಆಗಲೇ 292. ಮನೆಸಾಮಾನು ತುಂಬಿ, ಟೂಲ್‌ಬಾಕ್ಸಿಗೆ ಸಲಕರಣೆ ಹಾಕಿದರೆ 370 ದಾಟುತ್ತದೆ.

ಡೀಲರ್ ಹೇಳಿದ್ದು, "ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಸಿ." ಎರಡೂ ಅವರ ಅಂಗಡಿಯಲ್ಲೇ ಸಿಗುತ್ತವೆ, ದುಡ್ಡು ನನ್ನದು. ಆ ಹಿಚ್ ಭಾರವನ್ನು ಆಕ್ಸಲ್‌ಗಳ ನಡುವೆ ಹಂಚುತ್ತದೆ ಅಷ್ಟೆ. ಕಾರು ತಯಾರಿಸಿದವರು ಕೊಟ್ಟ 300ರ ಮಿತಿ 300 ಆಗಿಯೇ ಇರುತ್ತದೆ. ಇಷ್ಟು ವರ್ಷ ವ್ಯಾನ್ ಮಾರಿದವರು ಗಿರಾಕಿಗೆ ಹೀಗೆ ಹೇಳಬಾರದು. ಮಕ್ಕಳು ಕೂರುವ ಗಾಡಿ ಇದು.

ಆ ವಾರ ಮದ್ದೂರಿಂದ ಅಪ್ಪ ಫೋನ್ ಮಾಡಿದ್ದರು. ಕಥೆಯೆಲ್ಲ ಹೇಳಿದೆ. ಅವರು ಚಿಕ್ಕಂದಿನಲ್ಲಿ ಕಬ್ಬಿನ ಗಾಡಿ ಹೊಡೆದವರು. "ಅದು ಮುಂಭಾರ ಕಣಪ್ಪಾ. ಮೂಕಿ ಎತ್ತಿನ ಕತ್ತಿನ ಮೇಲೆ ಕೂತುಬಿಟ್ಟೈತೆ. ಹಿಂದಕ್ಕೆ ಸರಿಸು. ಹಂಗಂತ ಜಾಸ್ತಿ ಸರಿಸಬೇಡ, ಹಿಂಭಾರ ಆದ್ರೆ ನೊಗನೇ ಎದ್ದುಬಿಡ್ತದೆ" ಅಂದರು. ಇಂಜಿನಿಯರ್ ಕೂಡ ಇದಕ್ಕಿಂತ ಚೆನ್ನಾಗಿ ಹೇಳಲಾರ. ಹಿಂಭಾರವಾದ ಕ್ಯಾರವಾನ್ ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡಿದರೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಹಿಂದಿನ ಬಂಪರ್ ಮೇಲೆ ಸೈಕಲ್ ರ‍್ಯಾಕ್ ಬೇಡ ಅಂತ ಮೊದಲೇ ಹೇಳಿದ್ದೆ.

ಟೂಲ್‌ಬಾಕ್ಸ್ ಬಿಚ್ಚಿಸಿದೆ. ಅದು ಸುಲಭ. ಬ್ಯಾಟರಿ ಸರಿಸಲು ಮಾತ್ರ ಒಪ್ಪಲಿಲ್ಲ. "ಲಿಥಿಯಂ ಒಳಗೆ ಇಡುವಂತಿಲ್ಲ, ಹೊಸ ರೂಲ್" ಅಂದರು. ರೂಲ್ ಇರುವುದು ನಿಜ. ಎಎಸ್/ಎನ್‌ಜಡ್‌ಎಸ್ 3001.2, ಕ್ಯಾರವಾನ್ ವಿದ್ಯುತ್ ಕೆಲಸದ ಮಾನದಂಡ, 2022ರದು. ಆದರೆ ಆಕ್ಸಲ್ ಹತ್ತಿರ ಇಡಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಮನುಷ್ಯರು ಇರುವ ಜಾಗದಿಂದ ಸೀಲ್ ಆಗಿ ಬೇರೆಯಾಗಿರಬೇಕು, ಗಾಳಿ ಹೊರಗೆ ಹೋಗಬೇಕು. ಸೀಟಿನ ಕೆಳಗೆ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿ, ಒಳಗಡೆ ಪೂರ್ತಿ ಸೀಲ್ ಮಾಡಿ, ಹೊರಗೋಡೆಯಲ್ಲಿ ಹ್ಯಾಚ್ (ಚಿಕ್ಕ ಬಾಗಿಲು) ಮತ್ತು ವೆಂಟ್ ಇಟ್ಟರೆ ಆಯಿತು. ಸಹಿ ಹಾಕಿದ ಡ್ರಾಯಿಂಗ್, ಎರಡು ತೂಕದ ಚೀಟಿ, ನನ್ನ ಸ್ಕೆಚ್ ಮೂರನ್ನೂ ಒಂದೇ ಮೇಲ್‌ನಲ್ಲಿ ಕಳಿಸಿದೆ. ವಿವರಣೆಗೆ ತಕ್ಕ ವಸ್ತು ಕೊಡಬೇಕು ಅಂತ ಗ್ರಾಹಕ ಕಾನೂನಿದೆ ಅಂತಲೂ ನೆನಪಿಸಿದೆ. 2022ರಲ್ಲಿ ಎಸಿಸಿಸಿ (ಆಸ್ಟ್ರೇಲಿಯಾದ ಗ್ರಾಹಕ ಹಿತ ಕಾಯುವ ಸರ್ಕಾರಿ ಸಂಸ್ಥೆ) ಹೊಸ ಕ್ಯಾರವಾನ್ ಬಗ್ಗೆ ವರದಿ ತಂದಾಗ, ಸಮೀಕ್ಷೆಯಲ್ಲಿ ಉತ್ತರಿಸಿದವರಲ್ಲಿ ಶೇ. 80 ಜನ ತಮ್ಮ ಹೊಸ ವ್ಯಾನಿನಲ್ಲಿ ತೊಂದರೆ ಬಂತು ಅಂದಿದ್ದರು. ಹಾಗಾಗಿ ಎಲ್ಲವನ್ನೂ ಬರಹದಲ್ಲೇ ಇಟ್ಟುಕೊಳ್ಳಿ. ಫೋನಿನ ಮಾತು ಗಾಳಿಗೆ ಹೋಗುತ್ತದೆ.

ಒಪ್ಪಿದರು. ಆಮೇಲೆ ಹ್ಯಾಚ್‌ಗೆ ಕಾಯಬೇಕಾಯಿತು. ಬೂದು ಬಣ್ಣ ಕೇಳಿದರೆ ಬಿಳಿ ಬಂತು. ವಾಪಸ್ ಹೋಗಿ ಬೂದು ಬಂದರೆ ಬೀಗ ಎಡಗಡೆಗೆ. ಸಪ್ಲೈಯರ್‌ಗೆ ಫೋನ್ ಮಾಡಿದಾಗಲೆಲ್ಲ "ನಾಳೆ ಕಳಿಸ್ತೀವಿ". ಕೊನೆಗೆ ನಾನೇ ಕಾರಿನಲ್ಲಿ ಹೋಗಿ ಸರಿಯಾದದ್ದನ್ನು ತಂದುಕೊಟ್ಟೆ.

ಕೆಲಸ ಮಾತ್ರ ಚೆನ್ನಾಗಿ ಬಂದಿದೆ. ಬ್ಯಾಟರಿಯ ಲಾಕರ್ ಕಟ್ಟಿದ ಹುಡುಗನ ವೆಲ್ಡಿಂಗ್ ನೋಡಬೇಕು ನೀವು, ಅಷ್ಟು ನೀಟು. ಇನ್ನೊಂದು ಲಾಭವೂ ಆಯಿತು. ಇನ್ವರ್ಟರ್ ಅದೇ ಸೀಟಿನ ಪಕ್ಕ ಇದೆ. 2,000 ವಾಟ್ ಎಳೆದಾಗ 12 ವೋಲ್ಟಿನಲ್ಲಿ 170 ಆಂಪ್ ದಾಟುತ್ತದೆ. ಅಷ್ಟು ಕರೆಂಟಿಗೆ ನಾಲ್ಕು ಮೀಟರ್ ಕೇಬಲ್ ಇದ್ದದ್ದು ಈಗ ಒಂದೇ ಮೀಟರ್.

ನಿನ್ನೆಯ ತೂಕ ಒಟ್ಟು 2,500ರ ಆಸುಪಾಸು, ಬಾಲ್ 212. ಮುಂದೆ 50, ಉಳಿದ ಕಡೆ 250 ಕೆಜಿ ಸಾಮಾನು ತುಂಬಿದರೆ ಬಾಲ್ 260ರ ಹತ್ತಿರ ಬರುತ್ತದೆ. ಒಟ್ಟು ತೂಕದ ಶೇ. 9ಕ್ಕೆ ಸ್ವಲ್ಪ ಜಾಸ್ತಿ. ಹಿಂದಿನ ಟ್ಯಾಂಕೂ ತುಂಬಿದರೆ ಶೇ. 8ಕ್ಕೆ ಇಳಿಯುತ್ತದೆ, ಹಿಂಭಾರದ ಕಡೆ ಹೋದ ಹಾಗೆ, ಅದು ನನಗೆ ಇಷ್ಟವಿಲ್ಲ. ಹಾಲ್ಸ್ ಗ್ಯಾಪ್‌ನಂತಹ ಪ್ರವಾಸಿ ಊರಲ್ಲಿ ಕ್ಯಾರವಾನ್ ಪಾರ್ಕಿನಲ್ಲೇ ನೀರು ಸಿಗುತ್ತದೆ. ಹಿಂದಿನದ್ದು ಖಾಲಿ ಇರಲಿ.

ಈಗ ತಲೆಯಲ್ಲಿ ಓಡುತ್ತಿರುವುದು ಗ್ರೈಂಡರ್! ವ್ಯಾನಿನಲ್ಲಿ ದೋಸೆ ಇರಲೇಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಟೇಬಲ್‌ಟಾಪ್ ವೆಟ್ ಗ್ರೈಂಡರ್ ಮೋಟಾರ್ 150 ವಾಟ್. 40 ನಿಮಿಷ ಓಡಿದರೂ 100 ವಾಟ್ ಅವರ್. ನಮ್ಮ ಬ್ಯಾಟರಿಯಲ್ಲಿ 5,000ಕ್ಕೂ ಜಾಸ್ತಿ ಇದೆ. ಕಲ್ಲಿನ ಭಾರ ಇರುವುದರಿಂದ ಅದನ್ನು ಆಕ್ಸಲ್ ನೇರಕ್ಕಿರುವ ಕೆಳಗಿನ ಡ್ರಾಯರ್‌ನಲ್ಲೇ ಬಿಗಿಯಬೇಕು. ಕಷ್ಟ ಇರುವುದು ಹಿಟ್ಟು ಹುಳಿ ಬರಿಸುವುದರಲ್ಲಿ. ವಿಕ್ಟೋರಿಯಾದ ಜುಲೈ ಚಳಿಯಲ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಥರ್ಮೋಸ್ಟಾಟ್ ಇರುವ 12 ವೋಲ್ಟ್ ಹೀಟ್ ಮ್ಯಾಟ್, ಇನ್ಸುಲೇಟೆಡ್ ಪೆಟ್ಟಿಗೆ, 30 ಡಿಗ್ರಿ ಸುತ್ತಮುತ್ತ ರಾತ್ರಿಯಿಡೀ. ಸ್ಕೆಚ್ ಶುರು ಮಾಡಿದ್ದೇನೆ.

ಅದೇ ತರಹದ ಮ್ಯಾಟ್ ಬ್ಯಾಟರಿ ಲಾಕರ್‌ಗೂ ಬೇಕು. ಸೊನ್ನೆಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡುವಂತಿಲ್ಲ, ಈಗ ಅದು ಹೊರಗೋಡೆಗೆ ತಾಗಿ ಕೂತಿದೆ. ಬೆಟ್ಟದ ಊರು ಬ್ರೈಟ್ ಕಡೆ ಚಳಿಗಾಲದಲ್ಲಿ ತಂಗಿದವರು ಯಾವ ಮ್ಯಾಟ್ ಹಾಕಿದ್ದೀರಿ, ರಾತ್ರಿಗೆ ಎಷ್ಟು ಆಂಪ್ ಅವರ್ ತಿನ್ನುತ್ತದೆ ಅಂತ ತಿಳಿಸಿ. ಶನಿವಾರ ವ್ಯಾನ್ ವಾಪಸ್ ಮನೆಗೆ ಬರುತ್ತದೆ, ಅಷ್ಟರಲ್ಲಿ ಆರ್ಡರ್ ಮಾಡಬೇಕು.