ಕರೀ ಕನ್ನಡಕ ಮತ್ತು ಸತ್ತ ನಕ್ಷತ್ರದ ಬೆಳಕು

ವಿಜಯಪುರದ ಬಿಸಿಲು ತಾಳಲಾರದೆ ಹೋದ ವಾರ ಒಂದು ಪೋಲರಾಯ್ಡ್ ಕನ್ನಡಕ ತಗೊಂಡೆ. ಗೋಳಗುಮ್ಮಟದ ಮುಂದೆ ಬೈಕ್ ನಿಲ್ಲಿಸಿ, ಫೋಟೋ ತೆಗೆಯೋಣ ಅಂತ ಮೊಬೈಲ್ ಅಡ್ಡ ಹಿಡಿದರೆ ಸ್ಕ್ರೀನ್ ಪೂರ್ತಿ ಕಪ್ಪು! ಕೆಟ್ಟೇ ಹೋಯ್ತು ಅಂದ್ಕೊಂಡೆ. ನೆಟ್ಟಗೆ ಹಿಡಿದೆ, ಬೆಳಕು ವಾಪಸ್. ಸ್ಕ್ರೀನಿನ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಅಲುಗುತ್ತವೆ, ಕನ್ನಡಕ ಅದಕ್ಕೆ ಅಡ್ಡ ಬಂದರೆ ತಡೆಯುತ್ತದೆ. ಅಲೆಗಳು ಹೀಗೆ ಒಂದೇ ದಿಕ್ಕಿನಲ್ಲಿ ಅಲುಗೋದೇ ಧ್ರುವೀಕರಣ.

ದೂರದ ಆಕಾಶದಲ್ಲಿ ದಿಢೀರನೆ ಹೊಳೆದು ಆರುವ ಗಾಮಾ ಕಿರಣ ಸ್ಫೋಟಗಳ ಮೇಲೂ ವಿಜ್ಞಾನಿಗಳು ಇದೇ ಆಟ ಆಡುತ್ತಾರೆ. ಭಾರೀ ನಕ್ಷತ್ರ ಕುಸಿದಾಗ ಹೆಚ್ಚುಕಡಿಮೆ ಬೆಳಕಿನದೇ ವೇಗದಲ್ಲಿ ಒಂದು ಚಿಲುಮೆ ಚಿಮ್ಮಿ ಸುತ್ತಲಿನ ಅನಿಲಕ್ಕೆ ಗುದ್ದುತ್ತದೆ, ಅಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಗಿರಕಿ ಹೊಡೆಯುತ್ತಾ ಬೆಳಕು ಚೆಲ್ಲುತ್ತವೆ, ಸ್ಫೋಟ ಮುಗಿದು ದಿನಗಟ್ಟಲೆ ಆದರೂ ಕಾಣುವ ಹಿಂಬೆಳಕು ಅದೇ. ಕಾಂತಕ್ಷೇತ್ರ ಅಚ್ಚುಕಟ್ಟಾಗಿದ್ದರೆ ಧ್ರುವೀಕರಣ ಜಾಸ್ತಿ. ಸಿಕ್ಕುಸಿಕ್ಕಾಗಿದ್ದರೆ ಬೇರೆ ಬೇರೆ ದಿಕ್ಕಿನ ಧ್ರುವೀಕರಣಗಳು ಒಂದನ್ನೊಂದು ಹೊಡೆದುಹಾಕುತ್ತವೆ.

1999ರ ಮೇ 10ರ ಸ್ಫೋಟದ ಹಿಂಬೆಳಕನ್ನು ಹಲವು ಗಂಟೆಗಳ ನಂತರ ಚಿಲಿಯ ವಿಎಲ್‌ಟಿ ದೂರದರ್ಶಕ ಅಳೆದಾಗ ಸಿಕ್ಕಿದ್ದು ಬರೀ ಶೇ 1.7 ಧ್ರುವೀಕರಣ. ಆದರೆ 2012ರ ಮಾರ್ಚ್ 8ರಂದು ಲಾ ಪಾಲ್ಮಾ ದ್ವೀಪದ ಲಿವರ್‌ಪೂಲ್ ದೂರದರ್ಶಕ, ಯಾರೂ ತಿರುಗಿಸದೆ ತಾನೇ ತಿರುಗಿ, ಇನ್ನೊಂದು ಸ್ಫೋಟದ ಹಿಂಬೆಳಕನ್ನು ಸುಮಾರು ನಾಲ್ಕು ನಿಮಿಷದಲ್ಲೇ ನೋಡಿತು. ಶೇ 28! ಮುಂದಿನ ಹತ್ತು ನಿಮಿಷದಲ್ಲಿ ಅದು ಶೇ 16ಕ್ಕೆ ಇಳಿಯಿತು. ತಡವಾಗಿ ಹೋದರೆ ಊಟ ಮುಗಿದಿರುತ್ತದೆ, ಅಲ್ವಾ? ಆ ಶೇ 28 ನೋಡಿದರೆ ಚಿಲುಮೆಯೊಳಗೆ ನಕ್ಷತ್ರದ ಕಡೆಯಿಂದಲೇ ಬಂದ ಅಚ್ಚುಕಟ್ಟಾದ ಕಾಂತಕ್ಷೇತ್ರ ಇತ್ತು ಅನ್ನಿಸುತ್ತದೆ.

ಅಂದಹಾಗೆ, ಮೊಬೈಲ್ ಕಪ್ಪಾಗುತ್ತೆ ಅಂತ ಕನ್ನಡಕದ ಅಂಗಡಿಯವನಿಗೆ ಹೇಳಿದೆ. "ಹಂಗಾದ್ರ ಅಸಲಿ ಮಾಲ್ ಐತ್ರೀ ಸರ" ಅಂದ.